ಉತ್ತರಾಖಂಡದ ಕೇದಾರಕಂಠ ಚಾರಣಕ್ಕೆ ಹೋದರೆ ಹಿಮ ಸಿಗಲೇಬೇಕು, ಯಾವ ತಿಂಗಳು ಒಳ್ಳೇದು?

ಫೆಬ್ರವರಿ. ಡಿಸೆಂಬರ್ ಅಂದರೆ ಹಿಮ ಗ್ಯಾರಂಟಿ ಅಂದುಕೊಂಡು ಎಷ್ಟೋ ಜನ ಟಿಕೆಟ್ ಮಾಡಿಸಿಬಿಡುತ್ತಾರೆ. ಆದರೆ ಬರೀ ಚಳಿಯಿದ್ದರೆ ಹಿಮ ಬೀಳುವುದಿಲ್ಲ. ಮೆಡಿಟರೇನಿಯನ್ ಕಡೆಯಿಂದ ತೇವ ಹೊತ್ತ ಮಾರುತಗಳು ಬರಬೇಕು. ಅವು ತಡವಾದರೆ ಡಿಸೆಂಬರ್ ಮೊದಲ ವಾರಗಳಲ್ಲಿ ಒಣಹುಲ್ಲೇ ಗತಿ. ಫೆಬ್ರವರಿ ಹೊತ್ತಿಗೆ ಸಾಮಾನ್ಯವಾಗಿ ನಾಲ್ಕಾರು ಸಲ ಬಿದ್ದ ಹಿಮ ಪದರಪದರವಾಗಿ ಕೂತಿರುತ್ತದೆ, ದಾರಿಯಲ್ಲಿ ಸಿಗುವ ಜೂಡಾ ಕಾ ತಾಲಾಬ್ ಕೆರೆ ಹೆಪ್ಪುಗಟ್ಟಿರುತ್ತದೆ, ಹೊಸವರ್ಷದ ಜಾತ್ರೆಯೂ ಕರಗಿರುತ್ತದೆ. ಜನವರಿಯಲ್ಲೂ ಹಿಮ ಬೇಕಾದಷ್ಟಿದೆ, ಆದರೆ ಮೊದಲ ಸಲದವರಿಗೆ ರಾತ್ರಿಯ ಚಳಿ ಸ್ವಲ್ಪ ಜಾಸ್ತಿಯೇ. ಮಾರ್ಚ್‌ನಲ್ಲಿ ಬಿಸಿಲೇರಿದಂತೆ ಹಿಮ ಮೆತ್ತಗಾಗಿ ಕಾಲು ಹೂತುಕೊಳ್ಳುತ್ತದೆ. ಸುಮಾರು 3,800 ಮೀಟರ್ ಎತ್ತರದ ತುದಿಗೆ ನಸುಕಿನಲ್ಲೇ ಹೊರಡಿಸುವುದಕ್ಕೆ ಇದೂ ಒಂದು ಕಾರಣ. ರಜೆ ಹಾಕುವಾಗ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ, ಜೋರಾಗಿ ಹಿಮ ಬಿದ್ದರೆ ಚಾರಣ ಶುರುವಾಗುವ ಸಾಂಕ್ರಿ ಹಳ್ಳಿಯ ರಸ್ತೆಯೇ ಬಂದ್ ಆಗಬಹುದು.