ಡೇಟ್ ಮುಗಿದ ಮಾತ್ರೆಯನ್ನು ಬಚ್ಚಲಿಗೆ ಸುರಿದರೆ ಹೊಳೆಗೆ ಏನಾಗುತ್ತದೆ?

ಗಂಗಾವತಿಯಿಂದ ಕೇಳಿದ್ದೀರಿ: ಹಳೆ ಮಾತ್ರೆ, ಸಿರಪ್ ಬಚ್ಚಲಿಗೆ ಸುರಿದರೆ ತುಂಗಭದ್ರೆಗೆ ತೊಂದರೆಯೇ?

ಹೌದು, ತೊಂದರೆಯೇ. ಆದರೆ ಸುರಿದಿದ್ದಷ್ಟೇ ಅಲ್ಲ, ನುಂಗಿದ್ದೂ ಹೊಳೆ ಸೇರುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮೂತ್ರದಲ್ಲಿ ಬಹುಪಾಲು ಹಾಗೇ ಹೊರಬರುತ್ತದೆ. ಚರಂಡಿ ನೀರು ಶುದ್ಧ ಮಾಡುವ ಘಟಕಗಳನ್ನು ಔಷಧ ತೆಗೆಯಲೆಂದು ಕಟ್ಟಿಲ್ಲ.

ಇಷ್ಟು ದೊಡ್ಡ ಹೊಳೆಗೆ ಒಂದು ಚಿಟಿಕೆ ಔಷಧ ಏನು ಮಾಡೀತು ಅನ್ನಿಸುತ್ತದೆ, ಅಲ್ವಾ? ಕೆನಡಾದ ಒಂದು ಕೆರೆಗೆ 2001ರಿಂದ ಮೂರು ಬೇಸಿಗೆ ಗರ್ಭನಿರೋಧಕ ಮಾತ್ರೆಯ ಹಾರ್ಮೋನ್ ಬೆರೆಸಿ ನೋಡಿದರು. ಲೀಟರಿಗೆ ಬರೀ ಐದಾರು ನ್ಯಾನೊಗ್ರಾಂ. ಒಂದು ಗ್ರಾಂನಲ್ಲಿ ನೂರು ಕೋಟಿ ನ್ಯಾನೊಗ್ರಾಂ ಇರುತ್ತದೆ! ಅಷ್ಟಕ್ಕೇ ಗಂಡು ಮೀನುಗಳು ಹೆಣ್ಣಿನ ಲಕ್ಷಣ ತೋರಿಸಿದವು. ಒಂದು ಜಾತಿಯ ಸಣ್ಣ ಮೀನು ಆ ಕೆರೆಯಲ್ಲಿ ಹೆಚ್ಚುಕಡಿಮೆ ಅಳಿದೇ ಹೋಯಿತು.

ಆ್ಯಂಟಿಬಯಾಟಿಕ್ ವಿಷಯ ಬೇರೆ. ಅದು ನೀರಿನಲ್ಲಿದ್ದರೆ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ನೀರು ಶುದ್ಧ ಮಾಡುವ ಘಟಕದಿಂದ ಹೊರಬಂದ ನೀರಿನಲ್ಲೇ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಸಿಕ್ಕಿತ್ತು ಎಂದು 2007ರಲ್ಲಿ ವರದಿಯಾಯಿತು.

ನನಗೆ ಚಿಂತೆ ಬೇಸಿಗೆಯದು. ಆಗ ನಮ್ಮ ಹೊಳೆ ಬಂಡೆಗಳ ನಡುವಿನ ಮಡುಗಳಿಗೆ ಇಳಿದಿರುತ್ತದೆ. ಹೊಳೆಯ ನೀರು ಕಮ್ಮಿ, ಬಂದು ಸೇರುವ ಚರಂಡಿ ನೀರು ಮಾತ್ರ ಮೊದಲಿನಷ್ಟೇ. ಮುದ್ಲಾಪುರದಿಂದ ಕಂಪ್ಲಿವರೆಗಿನ ಮೀಸಲು ಪ್ರದೇಶದ ನೀರುನಾಯಿಗಳು ಅದೇ ಮಡುಗಳ ಮೀನು ತಿಂದು ಬದುಕಬೇಕು.

ಉಳಿದ ಮಾತ್ರೆಯನ್ನು ಬಳಸಿದ ಚಹಾಪುಡಿಯ ಜೊತೆ ಕಲಸಿ, ಕವರಿನಲ್ಲಿ ಬಿಗಿಯಾಗಿ ಕಟ್ಟಿ ಕಸದ ಗಾಡಿಗೆ ಹಾಕಿ. ನೆಗಡಿಗೆಲ್ಲ ಸುಮ್ನೆ ಆ್ಯಂಟಿಬಯಾಟಿಕ್ ತಗೊಳ್ಳಬೇಡಿ.