ಆಮೋಸನ ಸಿಟ್ಟು ಹಬ್ಬದ ಮೇಲೆ ಯಾಕೆ?
ಮೂರ್ತಿಯೇ ಇಲ್ಲದ ಹಬ್ಬವನ್ನು ಬೈಬಲ್ಲಿನ ಪ್ರವಾದಿ ಆಮೋಸ ಯಾಕೆ ಬೈಯುತ್ತಾನೆ ಅಂತ ಕೇಳಿದ್ದೀರಿ. ಪ್ರವಾದಿಗಳ ಸಿಟ್ಟೆಲ್ಲ ವಿಗ್ರಹದ ಮೇಲೇ ಅಂದುಕೊಂಡು ಓದಿದರೆ ಈ ಗೊಂದಲ ಆಗೇ ಆಗುತ್ತದೆ. ಮೊದಲು ಆಮೋಸ 8:5 (ಅವನ ಪುಸ್ತಕದ 8ನೇ ಅಧ್ಯಾಯ, 5ನೇ ವಚನ) ಓದಿ. ಸಬ್ಬತ್ (ವಾರದ ವಿಶ್ರಾಂತಿ ದಿನ) ಯಾವಾಗ ಮುಗಿಯುತ್ತೋ, ಧಾನ್ಯ ಯಾವಾಗ ಮಾರೋಣವೋ ಅಂತ ಚಡಪಡಿಸುವ ವ್ಯಾಪಾರಿಗಳು, ಅಳತೆ ಕಿರಿದು ಮಾಡಿ ತಕ್ಕಡಿಯಲ್ಲಿ ಮೋಸ ಮಾಡುವವರು, ಹಬ್ಬದಲ್ಲಿ ಹಾಡುವವರೂ ಇಂಥವರೇ. ಆಮೇಲೆ ನಿಮ್ಮ ಹಬ್ಬ, ಹಾಡು ಬೇಡ, ನ್ಯಾಯ ನೀರಿನಂತೆ ಹರಿಯಲಿ ಅನ್ನುವ 5:21-24ಕ್ಕೆ ಬನ್ನಿ, ಸಿಟ್ಟು ಯಾರ ಮೇಲೆ ಅಂತ ತಾನಾಗೇ ಗೊತ್ತಾಗುತ್ತದೆ. ವಿಗ್ರಹದ ವಿಷಯಕ್ಕೆ ಇನ್ನೊಬ್ಬ ಪ್ರವಾದಿಯ ಪುಸ್ತಕ, ಯೆಶಾಯ 44:14-17 ನೋಡಿ: ಒಂದೇ ಮರದ ಅರ್ಧ ಸೌದೆ ಮಾಡಿ ರೊಟ್ಟಿ ಸುಟ್ಟು, ಉಳಿದರ್ಧಕ್ಕೆ ಅಡ್ಡಬೀಳುವವನ ಗೇಲಿ, ಓದಿದರೆ ನಗು ಬರುತ್ತದೆ. ಇಸ್ರಾಯೇಲರ ಆರಾಧನಾ ಸ್ಥಳವಾದ ಬೇತೇಲಿನ ಬಂಗಾರದ ಕರು ದೇವರ ಮೂರ್ತಿಯೋ, ಕಾಣದ ದೇವರು ನಿಲ್ಲುವ ಬರೀ ಪೀಠವೋ ಅನ್ನುವುದರಲ್ಲಿ ವಿದ್ವಾಂಸರಿಗೇ ಒಮ್ಮತ ಇಲ್ಲ, ಸದ್ಯಕ್ಕೆ ಬಿಡಿ. ಇವತ್ತಿಗೆ ಹೊಂದಿಸಿ ಮಾತಾಡಬೇಕಿದ್ದರೆ ಸುಮ್ನೆ ಆ ತಕ್ಕಡಿಯಿಂದಲೇ ಶುರು ಮಾಡಿ.