ಸರ್ಪಗಂಧಿ ನಮ್ಮದೇ, ಆದರೆ ಮೇಷ್ಟ್ರೇ...

ಪತ್ರ: "ಕಳೆದ ಸಂಚಿಕೆಯಲ್ಲಿ ಸ್ವೀಡನ್ನಿನ ವಿಜ್ಞಾನಿ ಅರ್ವಿಡ್ ಕಾರ್ಲ್‌ಸನ್ ಬಗ್ಗೆ ಪುಟಗಟ್ಟಲೆ ಹೊಗಳಿದ್ದೀರಿ. ಅವರು ಮೊಲಗಳಿಗೆ ಚುಚ್ಚಿದ ರಿಸರ್ಪಿನ್ ಔಷಧ ಬಂದದ್ದು ನಮ್ಮ ಸರ್ಪಗಂಧಿಯ ಬೇರಿನಿಂದ. ಕಂಪವಾತಕ್ಕೆ ನಸುಗುನ್ನಿ ಬೀಜ ಕೊಡುತ್ತಿದ್ದವರು ನಮ್ಮ ವೈದ್ಯರು. ನೊಬೆಲ್ ಅವರಿಗೆ, ಚಪ್ಪಾಳೆ ನಿಮ್ಮದು. ಇದ್ಯಾವ ನ್ಯಾಯ?"
– ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ಮೇಷ್ಟ್ರೇ, ಸರ್ಪಗಂಧಿ ನಮ್ಮದೆನ್ನುವುದರಲ್ಲಿ ತಕರಾರಿಲ್ಲ. ರಕ್ತದೊತ್ತಡಕ್ಕೂ ಮನೋರೋಗಕ್ಕೂ ಅದು ಆಗಿಬರುತ್ತದೆಂದು ಗಣನಾಥ ಸೇನ್, ಕಾರ್ತಿಕಚಂದ್ರ ಬೋಸ್ 1931ರಲ್ಲೇ ಬರೆದರು. ಮುಂಬೈಯ ಹೃದ್ರೋಗತಜ್ಞ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟನ್ನಿನ ವೈದ್ಯಪತ್ರಿಕೆಯಲ್ಲಿ ಬರೆದ ಮೇಲೆ ಹೊರಗಿನವರೂ ಕಣ್ಣು ಬಿಟ್ಟರು. ನಸುಗುನ್ನಿ ಬೀಜದಿಂದ ಎಲ್-ಡೋಪಾ ಎಂಬ ವಸ್ತುವನ್ನು ಬೇರ್ಪಡಿಸಿದ್ದು ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ, 1937ರಲ್ಲಿ. ಇವರೆಲ್ಲರಿಗೂ ನಮಸ್ಕಾರ. ಇನ್ನು ಜಗಳಕ್ಕೆ ಬರೋಣ.

ಕಾರ್ಲ್‌ಸನ್ ಶುರುಮಾಡಿದ್ದು ಕ್ಯಾಲ್ಸಿಯಂ ಸಂಶೋಧನೆಯಿಂದ. ಔಷಧಶಾಸ್ತ್ರಕ್ಕೆ ಇದೇನೂ ಮುಖ್ಯವಲ್ಲ ಎಂದು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಹಿರಿಯರು ಹುದ್ದೆ ಕೊಡಲಿಲ್ಲ. ಮನುಷ್ಯ ದಾರಿ ಬದಲಿಸಿ 1955ರಲ್ಲಿ ಅಮೆರಿಕದ ಬರ್ನಾರ್ಡ್ ಬ್ರೋಡಿಯವರ ಪ್ರಯೋಗಾಲಯಕ್ಕೆ ಹೋದರು. ರಿಸರ್ಪಿನ್ ಕೊಟ್ಟರೆ ಮಿದುಳಿನಲ್ಲಿ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕ ಖಾಲಿಯಾಗುತ್ತದೆಂದು ಅಲ್ಲಿ ಆಗಷ್ಟೇ ಗೊತ್ತಾಗಿತ್ತು. ಬ್ರೋಡಿಯವರಿಗೆ ಅಷ್ಟು ಸಾಕಾಗಿತ್ತು, ಕಾರ್ಲ್‌ಸನ್‌ರಿಗೆ ಸಾಲಲಿಲ್ಲ. ಬೇರೇನಾದರೂ ಖಾಲಿಯಾಗುತ್ತಿದೆಯೇ? ಸ್ವೀಡನ್ನಿಗೆ ಮರಳಿ ನೋಡಿದರು. ನಾರ್‌ಅಡ್ರಿನಾಲಿನ್ ಎಂಬ ಇನ್ನೊಂದು ರಾಸಾಯನಿಕವೂ ಬರಿದಾಗುತ್ತಿತ್ತು.

ಮುಂದಿನದು ನನಗೆ ಬಲು ಇಷ್ಟವಾದ ಭಾಗ. ರಿಸರ್ಪಿನ್ ತಗೊಂಡ ಮೊಲಗಳು ಕಿವಿ ಇಳಿಬಿಟ್ಟು, ಕೂತಲ್ಲೇ ಮುದ್ದೆಯಾಗಿದ್ದವು. ಸೆರೊಟೋನಿನ್‌ ಆಗಿ ಬದಲಾಗುವ ವಸ್ತುವನ್ನು ಕೊಟ್ಟರೆ ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ನಾರ್‌ಅಡ್ರಿನಾಲಿನ್ ಆಗಿ ಬದಲಾಗುವ ಡೋಪಾ ಚುಚ್ಚಿದರು. ಕಾಲು ಗಂಟೆಯಲ್ಲಿ ಕಿವಿ ನೆಟ್ಟಗಾಗಿ ಮೊಲಗಳು ಓಡಾಡತೊಡಗಿದವು! ಬೇರೆ ಯಾರಾದರೂ ಅಲ್ಲಿಗೇ ಸನ್ಮಾನ ಇಟ್ಟುಕೊಳ್ಳುತ್ತಿದ್ದರು. ಇವರು ಆ ಮೊಲಗಳ ಮಿದುಳನ್ನು ಪರೀಕ್ಷಿಸಿದರು: ನಾರ್‌ಅಡ್ರಿನಾಲಿನ್ ಇನ್ನೂ ಖಾಲಿಯೇ. ಹಾಗಾದರೆ ಎಬ್ಬಿಸಿದ್ದು ಯಾವುದು? ಡೋಪಾದಿಂದ ಹುಟ್ಟುವ ಡೋಪಮೈನ್. ಅದುವರೆಗೆ ಅದನ್ನು ನಾರ್‌ಅಡ್ರಿನಾಲಿನ್ ತಯಾರಾಗುವ ಹಾದಿಯ ಒಂದು ಮೆಟ್ಟಿಲು ಎಂದಷ್ಟೇ ಎಣಿಸಿದ್ದರು. ಅದನ್ನು ಅಳೆಯುವ ವಿಧಾನವನ್ನೂ ತಾವೇ ರೂಪಿಸಿ, ಮಿದುಳಿನಲ್ಲಿ ಅದು ಸಹಜವಾಗಿಯೇ ಇದೆಯೆಂದು 1958ರಲ್ಲಿ ಪ್ರಕಟಿಸಿದರು.

ಯಾರು ನಂಬಿದರು? 1960ರ ಲಂಡನ್ ಗೋಷ್ಠಿಯಲ್ಲಿ, ಆಗಲೇ ನೊಬೆಲ್ ಪಡೆದಿದ್ದ ಹೆನ್ರಿ ಡೇಲ್ ಅವರಂಥ ಹಿರಿಯರು ತಲೆ ಅಲ್ಲಾಡಿಸಿದರು. ಡೋಪಾ ವಿಷ ಎಂಬ ಮಾತೂ ಬಂತು. ಅದೇ ವರ್ಷ ವಿಯೆನ್ನಾದ ಹೊರ್ನಿಕೀವಿಚ್, ಪಾರ್ಕಿನ್ಸನ್ (ನೀವು ಹೇಳಿದ ಕಂಪವಾತ) ರೋಗಿಗಳ ಮಿದುಳಿನಲ್ಲಿ ಡೋಪಮೈನ್ ತೀರಾ ಕಡಿಮೆಯೆಂದು ತೋರಿಸಿದರು. 1967ರಲ್ಲಿ ಅಮೆರಿಕದ ವೈದ್ಯ ಕೊಟ್ಸಿಯಾಸ್, ಡೋಪಾವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಬಾಯಿಯ ಮೂಲಕವೇ ಕೊಟ್ಟು ರೋಗಿಗಳನ್ನು ನಡೆಸಿದರು. ಇವತ್ತು ನಮ್ಮ ಎಷ್ಟೋ ಮನೆಗಳಲ್ಲಿ ಹಿರಿಯರ ಮಾತ್ರೆ ಡಬ್ಬಿಯಲ್ಲಿರುವ ಡೋಪಾ ಮಾತ್ರೆ ಸಿಂಡೋಪಾದ ಜಾತಕ ಇದು. ಕಾರ್ಲ್‌ಸನ್‌ರಿಗೆ ನೊಬೆಲ್ ಬಂದದ್ದು 2000ದಲ್ಲಿ, ಎಪ್ಪತ್ತೇಳನೆಯ ವಯಸ್ಸಿನಲ್ಲಿ.

ನ್ಯಾಯದ ಮಾತೆತ್ತುವುದಾದರೆ ಹೊರ್ನಿಕೀವಿಚ್ ಪರವಾಗಿ ಎತ್ತಿ. ಅವರನ್ನು ಬಿಟ್ಟದ್ದಕ್ಕೆ ಇನ್ನೂರಕ್ಕೂ ಹೆಚ್ಚು ವಿಜ್ಞಾನಿಗಳು ಬಹಿರಂಗ ಪತ್ರ ಬರೆದಿದ್ದರು. ನಮ್ಮಲ್ಲಿ ಗಿಡವಿತ್ತು, ಬೀಜವಿತ್ತು, ಕೊಡುವ ಕೈಯೂ ಇತ್ತು. ಮಲೆನಾಡಿನ ಬೇಲಿಯಲ್ಲಿ ನಸುಗುನ್ನಿ ತಾಗಿ ಮೈಯೆಲ್ಲ ಕೆರೆದುಕೊಂಡವರಿಗೆ ಲೆಕ್ಕವಿಲ್ಲ. ಅದೇ ಬೀಜ ನಡುಕಕ್ಕೆ ಯಾಕೆ ಹಿಡಿಯುತ್ತದೆ, ಎಷ್ಟು ಕೊಟ್ಟರೆ ಹಿಡಿಯುತ್ತದೆ, ಯಾರಿಗೆ ಹಿಡಿಯುವುದಿಲ್ಲ ಎಂದು ಪಟ್ಟುಹಿಡಿದು ಕೂತವರೆಷ್ಟು? ಅಜ್ಜ ಹೇಳಿದ್ದಾರೆ ಅಂದರೆ ಮುಗಿಯಿತು.

ಅಜ್ಜಂದಿರ ತಪ್ಪಲ್ಲ ಬಿಡಿ, ತಪ್ಪು ನಮ್ಮ ಕಾಲದ್ದು. ಒಂದು ವಿಶ್ವವಿದ್ಯಾಲಯದಲ್ಲಿ ದುಬಾರಿ ಯಂತ್ರವೊಂದು ಹಸಿರು ಬಟ್ಟೆ ಹೊದ್ದು ಮಲಗಿದ್ದನ್ನು ಕಂಡಿದ್ದೇನೆ. ಉದ್ಘಾಟನೆಯ ಕುಂಕುಮ ಇನ್ನೂ ಅಳಿಸಿರಲಿಲ್ಲ. ರಿಪೇರಿಯ ಕಡತ ಯಾವುದೋ ಮೇಜಿನ ಮೇಲಿತ್ತಂತೆ. ಸಂಶೋಧನಾರ್ಥಿ ಹೊಸ ಪ್ರಶ್ನೆ ತಂದರೆ "ಇದರಿಂದ ಸಮಾಜಕ್ಕೇನು ಲಾಭ" ಎಂದು ಕೇಳುವ ಸಮಿತಿಗಳೇ ನಮ್ಮಲ್ಲಿ ಹೆಚ್ಚು. ಮೊಲದ ಕಿವಿ ನೆಟ್ಟಗಾದರೆ ಸಮಾಜಕ್ಕೇನು ಲಾಭ, ಹೇಳಿ ನೋಡೋಣ! ನಮ್ಮ ಪತ್ರಿಕಾ ಬಳಗವೂ ಕಡಿಮೆಯಿಲ್ಲ. ಅಕ್ಟೋಬರಿನಲ್ಲಿ ನೊಬೆಲ್ ಪ್ರಕಟವಾದೊಡನೆ ವಿಜೇತರ ಕೆಲಸ ಓದುವ ಮೊದಲು ಅವರಿಗೆ ಭಾರತದ ನಂಟಿದೆಯೇ ಎಂದು ಹುಡುಕುತ್ತೇವೆ.

ನಿಮ್ಮ ತಂದೆಯವರು ವೈದ್ಯರಾಗಿದ್ದು, ರೋಗಿಗಳ ವಿವರ ಬರೆದಿಟ್ಟ ಪುಸ್ತಕ ಮನೆಯಲ್ಲಿದೆ ಎಂದು ಪತ್ರದ ಕೊನೆಗೆ ಸಣ್ಣಕ್ಷರದಲ್ಲಿ ಬರೆದಿದ್ದೀರಿ. ಅದನ್ನಲ್ಲವೇ ಮೊದಲು ಬರೆಯಬೇಕಾದದ್ದು? ಪ್ರಮಾಣ, ದಿನಾಂಕ, ಗುಣವಾಗದವರ ವಿಷಯ ಇರುವ ಪುಟಗಳ ಜೆರಾಕ್ಸ್ ಕಳಿಸಿ. ಅಂಚೆ ವೆಚ್ಚ ನಮ್ಮದು.

– ಸಂ.